ಲಾರಿ ಸಾಮಾನಿನ ಸಾಲಿನಲ್ಲಿ ಒಂದು ಕ್ಯಾಸೆಟ್

ಎರಡು ಸಾವಿರದ ಆರನೇ ಇಸವಿ ಇರಬೇಕು. ಸಂಡೂರು ಗುಡ್ಡದ ಅದಿರಿಗೆ ಎಲ್ಲಿಲ್ಲದ ಬೇಡಿಕೆ ಬಂದು, ನಮ್ಮ ಪಾಪಿನಾಯಕನಹಳ್ಳಿ ಮುಂದಿನ ರಸ್ತೆಯಲ್ಲಿ ಒಂದರ ಬಾಲ ಒಂದು ಹಿಡಿದಂತೆ ಲಾರಿಗಳು ಓಡುತ್ತಿದ್ದ ಕಾಲ. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮೊದಲು ಕ್ಲೀನರ್ ಆಗಿ, ಆಮೇಲೆ ಡ್ರೈವರ್ ಆಗಿ ಹೊಸಪೇಟೆಯ ಸಾಹುಕಾರರೊಬ್ಬರ ಲಾರಿ ಓಡಿಸುತ್ತಿದ್ದೆ. ತಂಗಿ ಗಂಗಾ ಒಂಬತ್ತನೇ ಕ್ಲಾಸಿನಲ್ಲಿದ್ದಳು.

ಆ ವರ್ಷ ಅಪ್ಪ ಹೊಲವನ್ನು ಅದಿರು ತೆಗೆಯುವವರಿಗೆ ಬಿಟ್ಟುಕೊಟ್ಟಿದ್ದ. ಆ ದುಡ್ಡಿನಲ್ಲಿ ಮನೆಗೆ ಮೊದಲು ಟಿವಿ ಬಂತು. ಅದರ ಹಿಂದೆಯೇ ಗಂಗಾಳ ಹಟಕ್ಕೆ ಒಂದು ವಿಡಿಯೋ ಗೇಮ್ ಸೆಟ್ಟೂ ಬಂತು. ಬೂದು ಬಣ್ಣದ ಡಬ್ಬಿ, ಎರಡು ರಿಮೋಟು, ಮೇಲೆ ಆಟದ ಕ್ಯಾಸೆಟ್ ಚುಚ್ಚುವ ಸಂದಿ. ಒಳಗೊಬ್ಬ ಕುಳ್ಳ ಮನುಷ್ಯ ಓಡುತ್ತಾನೆ, ಗುಂಡಿ ಬಂದರೆ ಹಾರುತ್ತಾನೆ, ತಪ್ಪಿದರೆ ಬಿದ್ದು ಸಾಯುತ್ತಾನೆ. ಅಷ್ಟೇ ಆಟ. ಆದರೆ ಸಂಜೆಯಾದರೆ ಮನೆಮಂದಿಯೆಲ್ಲ ಅದರ ಮುಂದೆ. ಟಿವಿಯಲ್ಲಿ ಅವನು ಹಾರಿದರೆ ಅವ್ವ ಕುಂತಲ್ಲೇ ರಿಮೋಟಿನ ಸಮೇತ ತಾನೂ ಎದ್ದುಬಿಡುತ್ತಿದ್ದಳು. ಅಪ್ಪ ಗೋಡೆಗೆ ಒರಗಿ, "ನಿನಗ ಹಾರು ಅಂದಿಲ್ಲಬೇ, ಅವನ್ನ ಹಾರಿಸು ಅಂದದ್ದು" ಎಂದು ನಗುತ್ತಿದ್ದ.

ಆ ಆಟದಲ್ಲಿ ಒಬ್ಬರಾದ ಮೇಲೆ ಒಬ್ಬರ ಸರದಿ. ನಾನು ಸತ್ತರೆ ಗಂಗಾಳ ಸರದಿ, ಗಂಗಾ ಸತ್ತರೆ ನನ್ನದು. ಗಂಗಾ ಸಾಯುತ್ತಲೇ ಇರಲಿಲ್ಲ. ನಾನು ಎರಡು ಗುಂಡಿ ದಾಟುವಷ್ಟರಲ್ಲಿ ಬಿದ್ದು, ಆಮೇಲೆ ಅವಳ ಆಟ ನೋಡುತ್ತಾ ಕೂರುವುದೇ ಆಗುತ್ತಿತ್ತು. ಅಷ್ಟು ದೊಡ್ಡ ಲಾರಿಯನ್ನು ಗುಡ್ಡದ ತಿರುವಿನಲ್ಲಿ ಇಳಿಸುವ ನನಗೆ ಬೆರಳಗಲದ ಮನುಷ್ಯನನ್ನು ಹಾರಿಸಲು ಬರುತ್ತಿರಲಿಲ್ಲ. ಈ ಸುದ್ದಿ ಡ್ರೈವರುಗಳ ನಡುವೆಯೂ ಹಬ್ಬಿತು. ನನ್ನ ಗೆಳೆಯ ಹುಸೇನಿ ಕಂಡಾಗಲೆಲ್ಲ, "ಏನಲೇ ವೀರೇಶಿ, ರಾತ್ರಿ ತಂಗಿ ಮತ್ತ ಮಣ್ಣು ಮುಕ್ಕಿಸಿದಳಂತ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ನಾನು ನಕ್ಕರೂ ಒಳಗೆ ಚುಚ್ಚುತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಬಟ್ಟೆ ತರಲು ಹೊಸಪೇಟೆಗೆ ಹೋದಾಗ ಗಂಗಾ ಕ್ಯಾಸೆಟ್ ಅಂಗಡಿಯ ಗೋಡೆಯ ಮೇಲೆ ಒಂದು ಹೊಸ ಚಿತ್ರ ನೋಡಿದಳು. ದೊಡ್ಡ ಮೊಲ, ಸಣ್ಣ ಮೊಲ, ಹಿಂದೆ ಗುಡ್ಡ, ತೂಗು ಸೇತುವೆ. ಅಂಗಡಿಯವನು, "ಹೊಸಾ ಆಟವ್ವ, ಇನ್ನೂ ಬಂದಿಲ್ಲ. ದಸರಾ ಒಳಗ ಬರ್ತೈತಿ. ಹೊಡೆದಾಟ ಬಡಿದಾಟ ಏನೂ ಇಲ್ಲ, ಮನಿಮಂದಿ ಎಲ್ಲಾ ಕುಂತು ಆಡಬೋದು. ಇದರಾಗ ಸರದಿ ಇಲ್ಲ. ಇಬ್ಬರೂ ಕೂಡೇ ಹೋಗಬೇಕು. ಒಬ್ಬ ಬಿದ್ದರ ಇನ್ನೊಬ್ಬ ಎಳಕೋಬೇಕು" ಎಂದ. ಅದೇ ಚಿತ್ರದ ಸಣ್ಣ ಕಾಗದವೊಂದನ್ನೂ ಅವಳಿಗೆ ಕೊಟ್ಟ.

ಅವತ್ತಿನಿಂದ ಗಂಗಾಗೆ ಬೇರೆ ಮಾತಿಲ್ಲ. ಆ ಕಾಗದವನ್ನು ಅನ್ನದ ಅಗುಳಿನಿಂದ ಟಿವಿಯ ಪಕ್ಕದ ಗೋಡೆಗೆ ಅಂಟಿಸಿದಳು. ದೊಡ್ಡ ಮೊಲ ಅಣ್ಣ, ಸಣ್ಣದು ತಾನು ಎಂದು ಹಂಚಿದಳು. ಮಾಳಿಗೆ ಹತ್ತಿ ದೂರದ ಗುಡ್ಡಗಳನ್ನು ತೋರಿಸಿ, "ಮೊದಲು ಆ ಗುಡ್ಡ, ಆಮ್ಯಾಲೆ ಈ ಕಡೀದು" ಎನ್ನುವಳು. ಒಂದು ಭಾನುವಾರ ಹಂಪಿಗೆ ಹೋಗಿದ್ದೆವು. ಎಲ್ಲರೂ ಗುಡಿ ನೋಡುತ್ತಿದ್ದರೆ ಇವಳು ಬಂಡೆಗಳನ್ನು ನೋಡುತ್ತಿದ್ದಳು. "ಅಣ್ಣಾ, ಇಲ್ಲಿಂದ ಅಲ್ಲಿಗೆ ಹಾರಬೇಕು ನೋಡು. ಆ ತೂಗಾಡೋ ಬಂಡಿಗಲ್ಲಿನ ಮ್ಯಾಲೆ ಭಾಳ ಹೊತ್ತು ನಿಂತರ ಅದು ಉರುಳತೈತಿ. ನೀ ಅಂತೂ ಅಲ್ಲೇ ಬೀಳ್ತಿ. ಚಿಂತಿ ಮಾಡಬ್ಯಾಡ, ನಾ ಎಳಕೊಂತೀನಿ." ಅವಳ ಮಾತು ಕೇಳುತ್ತಾ ಕೇಳುತ್ತಾ ಆ ಬಂಡೆಗಳು ನನಗೂ ಬೇರೆಯಾಗಿಯೇ ಕಂಡವು. ಅವ್ವ ಮಾತ್ರ, "ಬಂದ ಕೂಡಲೇ ಚುಚ್ಚಬ್ಯಾಡ್ರಿ. ಆಯುಧಪೂಜಿ ದಿನ ಪೂಜಿ ಮಾಡಿ ಶುರು ಮಾಡ್ರಿ" ಎಂದಿದ್ದಳು. ಗಂಗಾ ಒಪ್ಪಿದಳು. ಆ ದಿನಕ್ಕೆ ಓಣಿಯ ಗೆಳತಿಯರನ್ನೆಲ್ಲ ಕರೆದೂ ಬಂದಿದ್ದಳು.

ಹಬ್ಬ ಇನ್ನೂ ದೂರವಿರುವಾಗಲೇ, ಲಾರಿಗೆ ಬೆಲ್ಟು ತರಲು ಹೊಸಪೇಟೆಗೆ ಹೋಗಿದ್ದ ನನ್ನನ್ನು ಅಂಗಡಿಯವನೇ ಕರೆದ. ಕ್ಯಾಸೆಟ್ ಬಂದಿತ್ತು. ಒಂದೇ ಒಂದು. "ನಿನ್ನ ತಂಗಿ ಸಲುವಾಗಿ ತೆಗೆದಿಟ್ಟೀನಿ" ಎಂದ. ತೆಗೆದುಕೊಂಡೆ.

ಮನೆಗೆ ಒಯ್ಯಬೇಕಿತ್ತು. ಒಯ್ಯಲಿಲ್ಲ. ಆಯುಧಪೂಜೆಯ ದಿನ ಗೆಳತಿಯರೆಲ್ಲ ಕೂತಿರುವಾಗ ನಾನು ಸಲೀಸಾಗಿ ಹಾರುತ್ತಾ ಹೋಗಬೇಕು, ಗಂಗಾ ಬಾಯಿ ತೆರೆದು ನೋಡಬೇಕು, ಅದಕ್ಕೆ ಮೊದಲೇ ಕದ್ದು ಕಲಿತುಬಿಡಬೇಕು ಎಂಬ ಆಸೆ ಹುಟ್ಟಿತು. ಹುಡುಗಿ ತಿಂಗಳುಗಟ್ಟಲೆ ಕಾದಿದ್ದಾಳೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕ್ಯಾಸೆಟ್ಟನ್ನು ಸೀಟಿನ ಕೆಳಗಿಟ್ಟೆ. ಸಂಜೆ ಅವಳು ಬಾಗಿಲಲ್ಲೇ "ಬಂತೇನಣ್ಣಾ?" ಎಂದು ಕೇಳಿದಾಗ "ಇಲ್ಲಬೇ" ಎಂದೆ.

ಸಂಡೂರಿನ ಕಡೆ ಅದಿರು ತುಂಬಿಸಲು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗದಲ್ಲಿ ಒಂದು ತಗಡಿನ ಹೋಟೆಲ್ ಇತ್ತು. ಅಲ್ಲೂ ಟಿವಿ, ಅಂಥದ್ದೇ ಸೆಟ್ಟು ಇದ್ದವು. ಮರುದಿನ ಮಧ್ಯಾಹ್ನ ಲಾರಿಯನ್ನು ಸಾಲಿನಲ್ಲಿ ಬಿಟ್ಟು ನಾನು, ಹುಸೇನಿ ಆಡಲು ಕೂತೆವು. ಚಿತ್ರ ಬಂದಾಗ ಹೋಟೆಲಿನವರೂ ಕೈಕೆಲಸ ಬಿಟ್ಟು ನಿಂತರು. ಹಸಿರು ಗುಡ್ಡ, ಓಡುವ ಮೋಡ, ಎರಡು ಮೊಲ. ಅಷ್ಟು ಚಂದದ ಆಟವನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಆದರೆ ಹುಸೇನಿ ತನ್ನ ಮೊಲವನ್ನು ಮುಂದೆ ಮುಂದೆ ಓಡಿಸುತ್ತಿದ್ದ, ನಾನು ನನ್ನದನ್ನು. ಯಾರಾದರೊಬ್ಬರು ಗುಂಡಿಯ ಅಂಚು ಹಿಡಿದು ಜೋತಾಡುವರು, ಇನ್ನೊಬ್ಬರು ತಿರುಗಿ ನೋಡುವವರಲ್ಲ. ಎಷ್ಟು ಸಲ ಆಡಿದರೂ ಎರಡನೇ ಗುಡ್ಡ ದಾಟಲಾಗಲಿಲ್ಲ. "ಇದು ಕೆಟ್ಟ ಆಟಲೇ, ದಾಟಾಕ ಬರಂಗಿಲ್ಲ" ಎಂದ ಹುಸೇನಿ.

ಅಷ್ಟರಲ್ಲಿ ಚಿತ್ರ ಕುಣಿಯತೊಡಗಿತು. ಕ್ಯಾಸೆಟ್ ಕಿತ್ತು ಊದಿದೆ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದೆವು. ಊದಿದರೆ ಕೆಂಪು ಪುಡಿ ಹಾರಿತು, ಚಿತ್ರ ಮಾತ್ರ ಬರಲಿಲ್ಲ. ಅದಿರಿನ ಧೂಳು ಒಳಗೆ ಹೊಕ್ಕಿತ್ತು. ಆಗ ನಾನು ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ. ಲಾರಿಯ ಯಾವ ಸಾಮಾನು ಕಟ್ಟಿಕೊಂಡರೂ ನಾವು ಡೀಸೆಲ್‌ನಲ್ಲಿ ತೊಳೆಯುತ್ತೇವೆ, ಬಿಸಿ ಇಂಜಿನ್ ಮೇಲಿಟ್ಟು ಒಣಗಿಸುತ್ತೇವೆ. ಕ್ಯಾಸೆಟ್ಟನ್ನೂ ಸ್ಕ್ರೂ ಬಿಚ್ಚಿ, ಡಬ್ಬಿಯ ಡೀಸೆಲ್‌ನಲ್ಲಿ ಅದ್ದಿ, ಹಳೆಯ ಬ್ರಷ್‌ನಿಂದ ಚೆನ್ನಾಗಿ ತಿಕ್ಕಿದೆ. ಧೂಳು ಹೋಯಿತು. ಆಗ ಸಾಲು ಮುಂದೆ ಸರಿಯಿತು, ಲಾರಿ ಸ್ಟಾರ್ಟ್ ಮಾಡಿದೆ. ಮತ್ತೆ ನಿಂತಾಗ ಕ್ಯಾಸೆಟ್ಟನ್ನು ಇಂಜಿನ್ ಮೇಲಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಅದು ಬಿಸಿಲಿಗೆ ಬಿದ್ದ ಹಪ್ಪಳದ ಹಾಗೆ ಮುರುಟಿತ್ತು. ಒಳಗಿನ ಹಸಿರು ಹಲಗೆಯೂ ಬಾಗಿತ್ತು. ಹೋಟೆಲಿಗೆ ಓಡಿ ಚುಚ್ಚಿ ನೋಡಿದೆ. ಸಂದಿಯೊಳಗೆ ಇಳಿಯಲೇ ಇಲ್ಲ.

ಹುಸೇನಿ ಆವತ್ತು ನಗಲಿಲ್ಲ. "ಮನೀಗೆ ಹೋಗಿ ಹೇಳಿಬಿಡಲೇ. ಸಣ್ಣ ಹುಡುಗಿ, ಅಳ್ತಾಳ, ಸುಮ್ಮನಾಗ್ತಾಳ" ಎಂದ. ಹೇಳುವ ಧೈರ್ಯ ಆಗಲಿಲ್ಲ. ಮುರುಟಿದ ಕ್ಯಾಸೆಟ್ಟನ್ನು ಜೋಡಿಸಿ, ಲಾರಿಯ ಟೂಲ್ ಬಾಕ್ಸಿನ ತಳಕ್ಕೆ, ಜಾಕಿನ ಕೆಳಗೆ ತುರುಕಿದೆ.

ಆಮೇಲೆ ದಿನವೂ ಅದೇ ಪ್ರಶ್ನೆ, ಅದೇ ಸುಳ್ಳು. "ಬಂತೇನಣ್ಣಾ?" "ಇನ್ನೂ ಇಲ್ಲಬೇ." ಅವ್ವ ಅಂಗಡಿಯವನಿಗೆ ಶಾಪ ಹಾಕುವಳು. "ಮಾತು ಕೊಟ್ಟು ಕೂಸಿನ್ನ ಕಾಯಿಸ್ತಾನ, ಮುಖ ಸುಡ್ಲಿ ಅವನ್ದು." ಗಂಗಾಳೇ ಅವನ ಪರ ನಿಲ್ಲುವಳು. "ದೂರದಿಂದ ಬರಬೇಕವ್ವ, ಅವನೇನು ಮಾಡ್ಯಾನು." ಬೇರೊಂದು ಕ್ಯಾಸೆಟ್ ಸಿಕ್ಕರೆ ಉಳಿದುಕೊಂಡೇನು ಎಂದು ಹೊಸಪೇಟೆ, ಬಳ್ಳಾರಿ, ಕಂಪ್ಲಿ ಎಲ್ಲ ಕಡೆ ಕೇಳಿದೆ. ಎಲ್ಲೂ ಇರಲಿಲ್ಲ.

ಆಯುಧಪೂಜೆ ಬಂತು. ಲಾರಿ ತೊಳೆದು ಮನೆ ಮುಂದೆ ನಿಲ್ಲಿಸಿದ್ದೆ. ನಮ್ಮಲ್ಲಿ ಆ ದಿನ ಟೂಲ್ ಬಾಕ್ಸ್ ಪೂರ್ತಿ ಖಾಲಿ ಮಾಡಿ, ಒಂದೊಂದೇ ಸಾಮಾನು ಒರೆಸಿ, ಚೀಲದ ಮೇಲೆ ಸಾಲಾಗಿ ಜೋಡಿಸಿ ವಿಭೂತಿ, ಕುಂಕುಮ ಹಚ್ಚುತ್ತೇವೆ. ಅದು ಮೊದಲಿಂದ ಗಂಗಾಳ ಕೆಲಸ. ಎಷ್ಟು ವರ್ಷದಿಂದ ಮಾಡುತ್ತಿದ್ದಳೋ. ಸುಳ್ಳು ಹೇಳುವುದರಲ್ಲೇ ಮುಳುಗಿದ್ದ ನನಗೆ ಅದು ನೆನಪಾಗಲೇ ಇಲ್ಲ. ಸ್ನಾನಕ್ಕೆ ಕೂತು ತಲೆಗೆ ನೀರು ಹಾಕಿಕೊಳ್ಳುವಾಗ ಹೊರಗೆ ಜಾಕು ನೆಲಕ್ಕಿಟ್ಟ ಸದ್ದು ಕೇಳಿ ಎಲ್ಲ ನೆನಪಾಯಿತು.

ಒದ್ದೆ ತಲೆಯಲ್ಲೇ ಓಡಿಬಂದೆ. ಅಪ್ಪ, ಅವ್ವ, ಸಾಹುಕಾರರು, ಗಂಗಾಳ ಗೆಳತಿಯರು ಎಲ್ಲ ನೆರೆದಿದ್ದರು. ಚೀಲದ ಮೇಲೆ ಜಾಕು, ಚಕ್ರ ಬಿಚ್ಚುವ ವೀಲ್ ಪಾನ, ಸ್ಪ್ಯಾನರುಗಳು, ಸುತ್ತಿಗೆ. ಸುತ್ತಿಗೆಯ ಪಕ್ಕದಲ್ಲಿ ಆ ಮುರುಟಿದ ಕ್ಯಾಸೆಟ್. ಅದಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡು ಹೂವು. ಮೊಲಗಳ ಚಿತ್ರವನ್ನು ಕೆಳಗೆ ಮಾಡಿ ಇಟ್ಟಿದ್ದಳು. ಗಂಗಾ ನನ್ನತ್ತ ನೋಡಲಿಲ್ಲ. ಅವಳ ಮೂಗಿನ ತುದಿ ಮಾತ್ರ ಕೆಂಪಾಗಿತ್ತು.

ಅವ್ವ ಆರತಿ ಎತ್ತಲು ಬಂದವಳು ಬಗ್ಗಿ, "ಇದೇನಬೇ ಇದು, ಸೊಟ್ಟಗೈತಿ?" ಎಂದಳು.

ಗಂಗಾ ಕುಂಕುಮದ ಬಟ್ಟಲು ಮುಚ್ಚುತ್ತಾ, "ಅಣ್ಣನ ಲಾರಿ ಸಾಮಾನವ್ವ. ಇಂಜಿನ್ ಕಡೀದು" ಎಂದಳು.

ಅಪ್ಪ ಕಾಯಿ ಒಡೆದ. ಸಾಹುಕಾರರು ಪೇಡೆ ಹಂಚಿದರು. ಗೆಳತಿಯರು "ಆಟ ಎಲ್ಲೈತೆ?" ಎಂದರೆ, "ಅಂಗಡ್ಯಾಗ ಬಂದಿಲ್ಲ, ಪೇಡೆ ತಿಂದು ಹೋಗ್ರಿ" ಎಂದು ಗಂಗಾ ಕಳಿಸಿದಳು. ಎಲ್ಲರ ಮುಂದೆ ನನಗೆ ಒಂದೇ ಮಾತಿನಲ್ಲಿ ಮಣ್ಣು ಮುಕ್ಕಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ.

ಎಲ್ಲ ಮುಗಿದ ಮೇಲೆ ಲಾರಿಯ ನೆರಳಿನಲ್ಲಿ ಅವಳ ಪಕ್ಕ ಕೂತೆ. ಕದ್ದು ಕಲಿಯಲು ಹೋದದ್ದು, ಡೀಸೆಲ್, ಇಂಜಿನ್, ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಅತ್ತಳು. "ಡೀಸೆಲ್‌ನಾಗ ಯಾರಾರ ತೊಳೀತಾರೇನಲೇ" ಎಂದು ನನ್ನ ತೋಳಿಗೆ ಗುದ್ದಿದಳು. ಆಮೇಲೆ ಮೂಗೊರೆಸಿಕೊಂಡು ಕೇಳಿದಳು: "ಹೆಂಗಿತ್ತು ಆಟ?"

ಬೈಗುಳಕ್ಕೆ ಸಿದ್ಧನಾಗಿದ್ದೆ, ಈ ಪ್ರಶ್ನೆಗೆ ಆಗಿರಲಿಲ್ಲ. ನಾನು ಕಂಡದ್ದನ್ನೆಲ್ಲ ಹೇಳತೊಡಗಿದೆ. ಅವಳು ಬಿಡದೆ ಕೇಳಿದಳು, ಮೋಡದ ಮೇಲೆ ನಿಲ್ಲಬಹುದಾ, ಸೇತುವೆ ತೂಗುತ್ತದಾ, ಸಣ್ಣ ಮೊಲ ಎಷ್ಟು ಎತ್ತರ ಹಾರುತ್ತದೆ. ಎರಡನೇ ಗುಡ್ಡ ದಾಟಲಾಗಲಿಲ್ಲ ಎಂದಾಗ, "ಒಬ್ಬರು ಬಿದ್ದಾಗ ಇನ್ನೊಬ್ಬರು ಏನು ಮಾಡಿದ್ರಿ?" ಎಂದಳು. "ಮುಂದ ಓಡಿದ್ವಿ" ಎಂದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು. "ಅದು ಮುಂದ ಓಡೋ ಆಟ ಅಲ್ಲ ಅಣ್ಣಾ. ತಿರುಗಿ ಬರೋ ಆಟ." ಒಮ್ಮೆಯೂ ಆಡದವಳಿಗೆ ಅದು ತಿಳಿದಿತ್ತು.

ಆಮೇಲೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗುಡ್ಡ ಬರೆದಳು. ಗುಂಡಿಗಳಿಗೆ ಲಾರಿಯಡಿ ಉದುರಿದ್ದ ಅದಿರಿನ ಪುಡಿ ತುಂಬಿದಳು. ಎರಡು ಹುಣಸೆ ಬೀಜ ನಮ್ಮ ಮೊಲಗಳು, ಎಷ್ಟು ಹಾರಬೇಕೆಂಬುದಕ್ಕೆ ಕವಡೆ. ಎರಡನೇ ಗುಡ್ಡದಿಂದಾಚೆ ಏನಿದೆಯೆಂದು ನನಗೂ ಗೊತ್ತಿರಲಿಲ್ಲ, ಅದನ್ನೆಲ್ಲ ಅವಳೇ ಹುಟ್ಟಿಸಿದಳು. ಅವ್ವನೂ ಬಂದು ಕೂತಳು, ಹೋದ ಗೆಳತಿಯರೂ ಒಬ್ಬೊಬ್ಬರಾಗಿ ತಿರುಗಿ ಬಂದರು. ನನ್ನ ಬೀಜ ಗುಂಡಿಗೆ ಬಿದ್ದಾಗಲೆಲ್ಲ ಗಂಗಾ ಮುಂದೆ ಹೋಗಿದ್ದವಳು ತನ್ನದನ್ನು ಹಿಂದಕ್ಕೆ ತಂದು ಅಂಚಿಗಿಡುತ್ತಿದ್ದಳು.

ಆ ಕ್ಯಾಸೆಟ್ ಮತ್ತೆ ಸಿಗಲಿಲ್ಲ. ಅಷ್ಟು ಕಾದ ಆಟವನ್ನು ನನ್ನ ತಂಗಿ ಟಿವಿಯಲ್ಲಿ ಒಂದು ಸಲವೂ ಆಡಲಿಲ್ಲ. ಇದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದಿರು ತೆಗೆಯುವುದು ನಿಂತು ಲಾರಿಗಳು ಮೂಲೆಗೆ ಬಿದ್ದವು, ನಾನು ಈಗ ಹಂಪಿಯಲ್ಲಿ ಆಟೋ ಓಡಿಸುತ್ತೇನೆ. ಗಂಗಾ ಕಂಪ್ಲಿಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವ್ವ ಇವತ್ತಿಗೂ ಆ ಅಂಗಡಿಯವನನ್ನು ಬೈಯುತ್ತಾಳೆ. ನಾನಾಗಲಿ ಗಂಗಾ ಆಗಲಿ ಅವಳಿಗೆ ನಿಜ ಹೇಳಿಲ್ಲ. ಅವಳು ಓದುವವಳಲ್ಲವಾದ್ದರಿಂದ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ಕ್ಯಾಸೆಟ್ ಲಾರಿಯಿಂದ ಆಟೋದ ಟೂಲ್ ಬಾಕ್ಸಿಗೆ ಬಂದಿದೆ. ಪ್ರತಿ ಆಯುಧಪೂಜೆಗೆ ಸ್ಪ್ಯಾನರುಗಳ ಸಾಲಿನಲ್ಲಿ ಅದನ್ನೂ ಇಟ್ಟು ವಿಭೂತಿ ಹಚ್ಚುತ್ತೇನೆ. ಇದು ಯಾವ ಸಾಮಾನು ಎಂದು ಹೆಂಡತಿ ಕೇಳಿದರೆ ಇಂಜಿನ್ ಕಡೆಯದು ಎನ್ನುತ್ತೇನೆ. ಅಷ್ಟೊತ್ತಿಗೆ ಕಂಪ್ಲಿಯಿಂದ ಫೋನ್ ಬರುತ್ತದೆ. ಹಬ್ಬದ ಮಾತಿಗೂ ಮೊದಲು ಗಂಗಾ ಕೇಳುತ್ತಾಳೆ: "ಅಣ್ಣಾ, ನಮ್ಮ ಮೊಲಕ್ಕ ಹೂವು ಇಟ್ಟಿಯಾ?"