ಚನ್ನವ್ವನ ಉಸಿರಿನ ಡಬ್ಬಿ

ಗಡಿನಾಡಿನ ಜತ್ತದಲ್ಲಿ ಇವತ್ತಿಗೂ ಕೆಲವರು ಚನ್ನವ್ವನ ಕಥೆಯನ್ನು ತಮಗೆ ತೋಚಿದಂತೆ ಹೇಳುತ್ತಾರೆ. ಮುಂಬಯಿಯಿಂದ ಯಾರೋ ಸಾಹೇಬ ಬಂದು ಯಂತ್ರ ಕಲಿಸಿಕೊಟ್ಟನಂತೆ, ಅವಳ ಮೈಮೇಲೆ ದೇವಿ ಬಂದಿದ್ದಳಂತೆ. ಸುಳ್ಳು. ಸಾಹೇಬನೂ ಬರಲಿಲ್ಲ, ದೇವಿಯೂ ಬರಲಿಲ್ಲ. ಇದ್ದವನು ನಾನು, ಜೊತೆಗೆ ನನ್ನ ಟಾಯರ್ ಅಂಗಡಿಯ ಕಂಪ್ರೆಸರ್. ನನ್ನ ಹೆಸರು ಅಣ್ಣಾರಾಯ. ಬಸ್ ಸ್ಟ್ಯಾಂಡಿನ ಎದುರು ಪಂಕ್ಚರ್ ತೆಗೆಯುತ್ತಿದ್ದೆ. ಕಣ್ಣಾರೆ ಕಂಡವನು ಇನ್ನೂ ಬದುಕಿರುವಾಗಲೇ ಜನ ಹೀಗೆ ಬುರುಡೆ ಬಿಟ್ಟರೆ ನನಗೆ ಮೈ ಉರಿಯುತ್ತದೆ.

ಚನ್ನವ್ವ ಶೇಗಾಂವದ ಕುರಿ ಕಾಯುವವರ ಮನೆಯ ಮಗಳು. ಸೋನ್ಯಾಳದ ವಿಠೋಬನಿಗೆ ಕೊಟ್ಟಿದ್ದರು. ಬಾವಿಗಳಲ್ಲಿ ಮುಳುಗುವುದು ವಿಠೋಬನ ಕೆಲಸ. ಆಗ ಊರೂರಿಗೆ ಎಂಜಿನ್ ಪಂಪು ಬಂದ ಹೊಸತು. ಪೈಪಿನ ತುದಿಯಲ್ಲಿ, ನೀರಿನೊಳಗೆ, ಫುಟ್‌ವಾಲ್ ಎಂಬ ಕವಾಟ ಇರುತ್ತದೆ. ಅದಕ್ಕೆ ಕೆಸರು ಕಟ್ಟಿದರೆ ಅಥವಾ ಅದು ಕಳಚಿ ಬಿದ್ದರೆ ಯಾರಾದರೂ ಉಸಿರು ಹಿಡಿದು ತಳಕ್ಕೆ ಹೋಗಬೇಕು. ಅರವತ್ತಾರರ ಬೇಸಿಗೆಯಲ್ಲಿ ಸೋನ್ಯಾಳದ ಕುಡಿಯುವ ನೀರಿನ ಬಾವಿಗೆ ಹಾಗೆ ಇಳಿದ ವಿಠೋಬ ಮೇಲೆ ಬರಲಿಲ್ಲ. ಹಗ್ಗ ಹಿಡಿದು ಎಳೆದು ತೆಗೆದಾಗ ಎಲ್ಲ ಮುಗಿದಿತ್ತು. ಊರಿನವರು ಬಾವಿಗೆ ಪೂಜೆ ಮಾಡಿಸಿ, ಬಾವಿ ತನ್ನ ಪಾಲು ತೆಗೆದುಕೊಂಡಿತು ಎಂದು ಹೇಳಿ ಕೈ ತೊಳೆದುಕೊಂಡರು.

"ಬಾವಿಗೇನ ಹಲ್ಲ ಅದಾವೇನು? ಅವಗ ಉಸಿರ ಸಾಲಲಿಲ್ಲ, ಸತ್ತ," ಎಂದಳು ಚನ್ನವ್ವ. ಹೀಗೆ ಹೇಳಿದ್ದಕ್ಕೆ ಅವಳಿಗೆ ಊರಿನಲ್ಲಿ ಇರುವುದು ಕಷ್ಟವಾಯಿತು. ಜತ್ತಕ್ಕೆ ಬಂದು, ನನ್ನ ಪಕ್ಕದಲ್ಲಿದ್ದ ಧೂಳಪ್ಪನೆಂಬ ಮುದುಕನ ಸ್ಟೋವ್ ರಿಪೇರಿ ಅಂಗಡಿಗೆ ಕಸ ಗುಡಿಸಲು ಸೇರಿಕೊಂಡಳು. ಧೂಳಪ್ಪನ ಕಣ್ಣು ಮಂಜಾಗುತ್ತ ಬಂದ ಹಾಗೆ ಅವಳೇ ಪಿನ್ನು ಹಾಕಿದಳು, ವಾಶರ್ ಬದಲಿಸಿದಳು, ಕೊನೆಗೆ ಅವನ ಗಾದಿಯ ಮೇಲೆ ಅವಳೇ ಕೂತಳು. ಹೆಂಗಸು ತಿದ್ದಿದ ಸ್ಟೋವು ಸಿಡಿಯುತ್ತದೆ ಎಂದು ಗೊಣಗಿದವರು ಇದ್ದರು. ಸಿಡಿಯಲಿಲ್ಲ. ಗೊಣಗಿದವರೇ ಆಮೇಲೆ ಸಾಲು ಹಚ್ಚಿ ನಿಂತರು.

ಅವಳ ಎದೆಯಲ್ಲಿದ್ದ ಭಯ ಒಂದೇ. ಮೈದುನ ತುಕಾರಾಮ ಅಣ್ಣನ ಕೆಲಸವನ್ನೇ ಹಿಡಿದಿದ್ದ. ಬಿಡು ಎಂದು ಬೈದಳು, ಅತ್ತಳು.

"ನನಗ ಬ್ಯಾರೆ ಏನ ಬರ್ತದ, ವೈನಿ?" ಎಂದು ಅವನು ಕೇಳಿದ. "ಕುರಿ ಅಂತೂ ಮಾರಿ ಆತು. ನಾ ಹೋಗಲಿಲ್ಲಂದ್ರ ಇನ್ನೊಬ್ಬ ಹೋಗ್ತಾನ."

ಆಮೇಲೆ ಅವಳು ಬೈಯುವುದನ್ನು ಬಿಟ್ಟಳು. ಅವನೂ ಅಣ್ಣನ ಹಾಗೆ ಹೆಣವಾಗಿ ಮೇಲೆ ಬರುತ್ತಾನೆ ಎಂಬ ಹೆದರಿಕೆ ಮಾತ್ರ ಹೋಗಲೇ ಇಲ್ಲ.

ಅರವತ್ತೆಂಟರಲ್ಲಿ ಹಳೆಯ ಟಾಯರ್ ತರಲು ಮುಂಬಯಿಗೆ ಹೋಗಿದ್ದಾಗ ಗುಜರಿ ಬಜಾರಿನಲ್ಲಿ ಒಂದು ಹಿತ್ತಾಳೆಯ ಡಬ್ಬಿ ಕಂಡೆ. ತಟ್ಟೆಯಷ್ಟು ದುಂಡಗೆ ಇತ್ತು. ಎರಡು ಕಡೆಯಿಂದ ಸುಕ್ಕುಸುಕ್ಕಾದ ರಬ್ಬರಿನ ಕೊಳವೆಗಳು ಹೊರಟು ಬಾಯಲ್ಲಿ ಕಚ್ಚುವ ತುಂಡಿಗೆ ಕೂಡಿದ್ದವು. ಲಾರಿಯ ಬ್ರೇಕಿನ ಸಾಮಾನಿರಬೇಕೆಂದು ಎತ್ತಿಕೊಂಡೆ. ಗುಜರಿಯವನು ನಕ್ಕು, ಇದು ಸಮುದ್ರದಲ್ಲಿ ಮುಳುಗುವ ವಿಲಾಯತಿ ಜನ ಉಸಿರಾಡುವ ಯಂತ್ರ ಎಂದ. ಚೇಷ್ಟೆಗೆಂದು ತಂದು ಅಂಗಡಿಯಲ್ಲಿ ತೂಗುಹಾಕಿದೆ. ಜತ್ತಕ್ಕೆ ಸಮುದ್ರ ಯಾವಾಗ ಬರುತ್ತದೆ ಎಂದು ಬಂದವರೆಲ್ಲ ನನ್ನನ್ನು ಛೇಡಿಸಿದರು. ಚನ್ನವ್ವ ನಗಲಿಲ್ಲ. ಡಬ್ಬಿಯನ್ನು ಇಳಿಸಿಕೊಂಡು, ತಿರುಪು ಬಿಚ್ಚಿ, ತುಂಬ ಹೊತ್ತು ನೋಡಿದಳು.

"ಅಣ್ಣಾ, ಇದು ಸ್ಟೋವಿನಂಗ ಅದ," ಎಂದಳು. "ಸ್ಟೋವಿನಾಗ ಗಾಳಿ ಎಣ್ಣಿ ದೂಡ್ತದ. ಇದರಾಗ ಉಸಿರ ಎಳದಾಗ ಈ ಪೊರಿ ಒಳಗ ಸರೀತದ, ಈ ಕಡ್ಡಿ ಒತ್ತತದ, ಗಾಳಿ ಬಿಡತದ. ಎಳೀಲಿಲ್ಲಂದ್ರ ಬಂದ್."

ಡಬ್ಬಿಯ ಅಗಲಕ್ಕೂ ಹಾಸಿದ್ದ ಆ ರಬ್ಬರಿನ ಪೊರೆ ಒಣಗಿ ಹಪ್ಪಳವಾಗಿತ್ತು. ಕೊಳವೆಗಳು ಬಿರಿದಿದ್ದವು. ಒಳಗಿನ ಕವಾಟ ಹಸಿರು ಕಿಲುಬು ಹಿಡಿದಿತ್ತು. ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕಿದಳು. ಕವಾಟದ ಕೆಳಗಿನ ಮೆತ್ತೆಯನ್ನು ಹಳೆಯ ಬೂಟಿನ ಹಿಮ್ಮಡಿಯ ರಬ್ಬರಿನಿಂದ ಕೊರೆದಳು. ಕೊಳವೆಗೆ ನನ್ನ ಸೈಕಲ್ ಟ್ಯೂಬು ತೆಗೆದುಕೊಂಡು, ಮಡಚಿ ಮುಚ್ಚದಿರಲೆಂದು ಒಳಗೆ ತಂತಿಯ ಸುರುಳಿ ಕೂರಿಸಿದಳು. ಈ ಡಬ್ಬಿಗೆ ಬೇಕಾದ, ಗಾಳಿ ಒತ್ತಿ ತುಂಬಿದ ದೊಡ್ಡ ಸಿಲಿಂಡರು ನಮಗೆ ಎಲ್ಲಿ ಸಿಗಬೇಕು? ಹಾಗಾಗಿ ಸಿಲಿಂಡರಿನ ಒತ್ತಡ ತಡೆಯುವ ಹಿಂಬದಿಯ ಕವಾಟವನ್ನು ತೆಗೆದುಹಾಕಿ, ನನ್ನ ಕಂಪ್ರೆಸರಿನಿಂದ ಉದ್ದನೆಯ ಪೈಪು ನೇರವಾಗಿ ಬಂದು ಸೇರುವಂತೆ ಹೊಸ ಮೂತಿ ಮಾಡಿದಳು.

ಪೊರೆಯ ವಿಷಯದಲ್ಲಿ ಮಾತ್ರ ತಪ್ಪಿದಳು. ತವರಿನಿಂದ ಡೊಳ್ಳಿನ ಚರ್ಮ ತಂದು ತೆಳ್ಳಗೆ ಹೆರೆದು ಬಿಗಿದಳು. ಒಣಗಿದ್ದಾಗ ಅದು ಠಣ್ ಎನ್ನುವಷ್ಟು ಬಿಗಿಯಾಗಿತ್ತು. ನನ್ನ ಅಂಗಡಿಯಲ್ಲಿ ಪಂಕ್ಚರ್ ನೋಡುವ ನೀರಿನ ತೊಟ್ಟಿಗೆ ಡಬ್ಬಿ ಇಳಿಸಿ, ತಾನೂ ತಲೆ ಮುಳುಗಿಸಿದಳು. ಬಸ್ಸಿಗೆ ಕಾದ ಜನ ಚೀಲಗಳನ್ನು ಬಿಟ್ಟು ಓಡಿಬಂದು ನೋಡಿದರು. ಸ್ವಲ್ಪ ಹೊತ್ತಿನಲ್ಲೇ ಚರ್ಮ ನೆನೆದು ಜೋತುಬಿತ್ತು. ಗಾಳಿ ತಾನಾಗಿ ಬುಸ್ಸೆಂದು ನುಗ್ಗಿ ಅವಳು ಕೆಮ್ಮುತ್ತ ಎದ್ದಳು.

"ಮಳ್ಯಾಗ ಡೊಳ್ಳು ಸಡಲ ಆಗ್ತದಂತ ಡೊಳ್ಳಿನ ಮನಿ ಮಗಳಿಗೆ ನಾ ಹೇಳಬೇಕೇನವಾ?" ಎಂದು ಕಿಚಾಯಿಸಿದೆ.

"ನಗು, ನಗು. ನಾಳಿ ಮತ್ತ ಮುಳಗತೀನಿ," ಎಂದು ಸೆರಗು ಹಿಂಡಿದಳು.

ಇನ್ನೊಂದು ಫಜೀತಿಯೂ ಆಯಿತು. ಕಂಪ್ರೆಸರಿನ ಎಣ್ಣೆ ವಾಸನೆ ಸೋಸಲು ಪೈಪಿನ ನಡುವೆ ಒಂದು ತಗಡಿನ ಡಬ್ಬ ಕೂರಿಸಿ, ಅದರಲ್ಲಿ ಇದ್ದಿಲು ಮತ್ತು ಕುರಿಯ ಉಣ್ಣೆ ತುಂಬಿದಳು. ಉಣ್ಣೆಯನ್ನು ತೊಳೆಯಬೇಕೆಂದು ಕುರಿಯವರಿಗೆ ಹೊಳೆಯಬೇಕಲ್ಲ! ತೊಟ್ಟಿಯಿಂದ ತಲೆ ಎತ್ತಿದ ತುಕಾರಾಮ, ನೀರಿನಲ್ಲಿದ್ದೆನೋ ಕುರಿದೊಡ್ಡಿಯಲ್ಲಿದ್ದೆನೋ ತಿಳಿಯಲಿಲ್ಲ ಎಂದ.

ಸರಿಯಾದ ಪೊರೆ ಕೊನೆಗೆ ಸಿಕ್ಕಿದ್ದು ಸ್ಟೋವು ತಿದ್ದಿಸಲು ಬಂದ ನರ್ಸಬಾಯಿಯಿಂದ. ಹೆರಿಗೆಯ ಮಂಚದ ಮೇಲೆ ಹಾಸುವ ಕೆಂಪು ರಬ್ಬರು ಹಾಸು, ಹರಿದು ಎಸೆಯಲು ಇಟ್ಟದ್ದು. ಬಟ್ಟೆಯಷ್ಟು ಮೆತ್ತಗೆ, ನೀರು ಕುಡಿಯುವುದಿಲ್ಲ, ಗಾಳಿ ಬಿಡುವುದಿಲ್ಲ. ಚನ್ನವ್ವ ಕುದಿಯುವ ನೀರಿನಲ್ಲಿ ಅದ್ದಿ, ದುಂಡಗೆ ಕತ್ತರಿಸಿ ಕೂರಿಸಿದಳು. ಅವತ್ತು ತೊಟ್ಟಿಯಲ್ಲಿ ತಲೆ ಇಟ್ಟವಳು ಎಷ್ಟು ಕೂಗಿದರೂ ಎತ್ತಲಿಲ್ಲ. ಹೆದರಿ ಹೆಗಲು ಹಿಡಿದು ಎಳೆದರೆ ನನಗೇ ಬೈದಳು.

ಅರವತ್ತೊಂಬತ್ತರ ಬೇಸಿಗೆಯಲ್ಲಿ ಸೋನ್ಯಾಳದಿಂದ ತುಕಾರಾಮನಿಗೆ ಕರೆ ಬಂತು. ಅದೇ ಬಾವಿ. ಫುಟ್‌ವಾಲ್ ಕಳಚಿ ತಳಕ್ಕೆ ಬಿದ್ದಿತ್ತು, ಊರಿಗೆ ನೀರಿರಲಿಲ್ಲ. ಕಂಪ್ರೆಸರನ್ನು ಚಕ್ಕಡಿಗೆ ಏರಿಸಿಕೊಂಡು ಮೂವರೂ ಹೋದೆವು. ಬಾವಿಯ ಕಟ್ಟೆಯ ಮೇಲೆ ಊರ ಪಂಚಾಯಿತಿಯ ಸರಪಂಚ ಗುರುಲಿಂಗಪ್ಪ ಕೂತಿದ್ದರು. ವಿಠೋಬ ಸತ್ತ ದಿನವೂ ಅಲ್ಲೇ ಕೂತವರು.

ಚನ್ನವ್ವ ಮುಚ್ಚಿಡುವವಳಲ್ಲ. ಯಾರೋ ಕೇಳಿದ್ದಕ್ಕೆ, ಆ ಕೆಂಪು ಪೊರೆ ಎಲ್ಲಿಯದೆಂದು ಹೇಳಿಯೇಬಿಟ್ಟಳು. ಗದ್ದಲ ಎದ್ದಿತು.

"ಹೆರಿಗಿ ರಬ್ಬರ ಕುಡಿಯೂ ನೀರಾಗ? ಬಾವಿ ಮೈಲಿಗಿ ಆಗೂದಿಲ್ಲೇನು?" ಎಂದು ಗುರುಲಿಂಗಪ್ಪ ಎದ್ದು ನಿಂತರು. "ಚನ್ನವ್ವಾ, ಅದನ್ನ ಚಕ್ಕಡ್ಯಾಗ ಇಡು. ತುಕಾರಾಮ ಮದಲಿನಂಗ ಇಳೀಲಿ."

"ಹೆರಿಗಿ ಇಲ್ಲದ ಹುಟ್ಟಿದವರು ಯಾರರೆ ಇದ್ರ ಮುಂದ ಬರ್ರಿ," ಎಂದಳು ಚನ್ನವ್ವ. "ಅವರೊಬ್ಬರು ಈ ನೀರು ಕುಡಿಯೂದು ಬ್ಯಾಡ. ಉಳದವರಿಗೆ ಆಗೂ ಮೈಲಿಗಿ ಹುಟ್ಟಿದಾಗ ಆಗಿ ಹೋಗೇದ."

ಖಾಲಿ ಕೊಡ ಹಿಡಿದು ನಿಂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಗುರುಲಿಂಗಪ್ಪ ಮತ್ತೆ ಕಟ್ಟೆಯ ಮೇಲೆ ಕೂತರು. ನನಗಂತೂ ಆ ಕ್ಷಣದಲ್ಲಿ ಅವಳ ಮೇಲೆ ಬಂದ ಅಭಿಮಾನ ಹೇಳತೀರದು.

ತುಕಾರಾಮ ಅಂಗಿ ಬಿಚ್ಚಿದ. ಚನ್ನವ್ವ ಅವನನ್ನು ಹಿಂದೆ ಸರಿಸಿದಳು. ನಮ್ಮ ಪೇಟೆಯಲ್ಲಿ ಸ್ಟೋವು ತಿದ್ದಿದವರು ಗಿರಾಕಿಯ ಎದುರು ತಾವೇ ಪಂಪು ಹೊಡೆದು ಹೊತ್ತಿಸಿ ತೋರಿಸಬೇಕು. ಸಿಡಿದರೆ ತಿದ್ದಿದವರ ಮೈ ಸುಡಬೇಕು, ಗಿರಾಕಿಯದಲ್ಲ. ಅದು ಧೂಳಪ್ಪ ಅವಳಿಗೆ ಕಲಿಸಿದ ಮೊದಲ ಪಾಠ.

"ನಾ ತಿದ್ದೀನಿ, ನಾನ ಮದಲ ಹೋಗ್ತೀನಿ," ಎಂದು ಕಚ್ಚೆ ಬಿಗಿದು, ಬೆನ್ನಿಗೆ ಡಬ್ಬಿ, ಸೊಂಟಕ್ಕೆ ಹಗ್ಗ ಮತ್ತು ಕಲ್ಲು ಕಟ್ಟಿಕೊಂಡು, ಮೂಗಿಗೆ ಚಿಮಟಿ ಸಿಕ್ಕಿಸಿ ಮೆಟ್ಟಿಲಿಳಿದಳು. ಗಂಡ ಸತ್ತ ನೀರಿನಲ್ಲಿ ತಲೆ ಮುಳುಗುವವರೆಗೂ ಹಿಂದಿರುಗಿ ನೋಡಲಿಲ್ಲ.

ನಾನು ಕಂಪ್ರೆಸರಿನ ಮುಳ್ಳು ನೋಡುತ್ತ ನಿಂತೆ. ಗುಳ್ಳೆಗಳು ಬಂದವು, ನಿಂತವು, ಮತ್ತೆ ಬಂದವು. ವಿಠೋಬನ ಉಸಿರು ಮುಗಿದಿದ್ದ ಹೊತ್ತು ದಾಟಿತು. "ಹಗ್ಗಾ ಎಳೀರಿ!" ಎಂದು ಗುರುಲಿಂಗಪ್ಪ ಕೂಗಿದರು. "ಯಾರೂ ಮುಟ್ಟಬ್ಯಾಡ್ರಿ," ಎಂದು ತುಕಾರಾಮ ಅಡ್ಡ ನಿಂತ. ಅವನ ಕಣ್ಣಲ್ಲಿ ನೀರಿತ್ತು.

ಅವಳು ಬಂದಳು. ನಿಧಾನವಾಗಿ, ಮೆಟ್ಟಿಲು ಹಿಡಿದು, ಸಂತೆಯಿಂದ ಬಂದವರ ಹಾಗೆ ಬಂದಳು. ಬಾಯಿಂದ ರಬ್ಬರು ತೆಗೆದು ಕೆಳಗಿನ ಮೆಟ್ಟಿಲಿನ ಮೇಲೆ ಕೂತು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತುಕಾರಾಮ ಕೈ ಚಾಚಿದ. ಕೊಡಲಿಲ್ಲ.

"ಫುಟ್‌ವಾಲ್ ಅಲ್ಲೇ ಅದ, ಕೆಸರಿನ್ಯಾಗ," ಎಂದಳು. "ತುಕಾರಾಮ ತರ್ತಾನ. ಅದಕ್ಕೂ ಮದಲ ಸರಪಂಚರು ಒಂದ ಮಾತ ಹೇಳಬೇಕು. ನನ್ನ ಗಂಡ ಅವತ್ತ ಎರಡ ಸಲ ಇಳದು, ದಣದು, ಈ ಕಟ್ಟಿ ಮ್ಯಾಲ ಕೂತಿದ್ದ. ಎದಿ ನೋಯ್ತದ ಅಂದಿದ್ದ. ಅವಗ ಏನ ಅಂದ್ರಿ ನೀವು?"

ಗುರುಲಿಂಗಪ್ಪ ತಲೆಗೆ ಸುತ್ತಿದ ಪಟಗ ತೆಗೆದು ಕೈಯಲ್ಲಿ ಹಿಡಿದರು. ಅವರು ಕೆಟ್ಟ ಮನುಷ್ಯರಲ್ಲ, ಆದರೆ ಮೂರು ವರ್ಷ ಬಾವಿಯ ಹೆಸರು ಹೇಳಿ ನಿದ್ದೆ ಮಾಡಿದವರು.

"ಇನ್ನೊಮ್ಮಿ ಇಳಿ ಅಂದೆ," ಎಂದರು. ದನಿ ಸಣ್ಣದಾಯಿತು. "ಲಗೂನ ಇಳಿ, ಊರಿಗೆ ನೀರಿಲ್ಲ ಅಂದೆ. ಅವ ವಲ್ಲೆ ಅಂದ್ರೂ ನಾನ ಇಳಿಸಿದೆ."

ಚನ್ನವ್ವ ಅಳಲಿಲ್ಲ, ಶಪಿಸಲೂ ಇಲ್ಲ. ಊರೆಲ್ಲ ಕೇಳಿತೋ ಇಲ್ಲವೋ ಎಂದು ಸುತ್ತ ಒಮ್ಮೆ ನೋಡಿದಳು. ಆಮೇಲೆ ಎದ್ದು ಡಬ್ಬಿಯನ್ನು ತುಕಾರಾಮನ ಬೆನ್ನಿಗೆ ಕಟ್ಟಿ, ರಬ್ಬರನ್ನು ಸೆರಗಿನಿಂದ ಒರೆಸಿ ಅವನ ಬಾಯಿಗೆ ಕೊಟ್ಟಳು.

"ಉಸಿರ ಹಿಡೀಬ್ಯಾಡ," ಎಂದಳು. "ಸಾವಕಾಶ ಬಾ. ಏನೂ ಅವಸರ ಇಲ್ಲ."