ಎರಡು ನಳಿಕೆ ರಕ್ತ

ಕಡೂರಿನ ಒಂದು ಸಣ್ಣ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಸಕ್ಕರೆ, ಟೈಫಾಯ್ಡು, ರಕ್ತಹೀನತೆ, ಇಷ್ಟೇ ನನ್ನ ಪ್ರಪಂಚ. ಹೋದ ವರ್ಷ ಒಂದು ದಿನ ಸೂಜಿ ಹಿಡಿದು ತಿರುಗಿದೆ. ಎದುರು ಕೂತಿದ್ದವಳು ನನ್ನ ಅತ್ತಿಗೆ.

ಅವಳು ಅಜ್ಜಂಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಬೆಲ್ಟು ಕಿತ್ತುಹೋದರೆ ಮೆಕ್ಯಾನಿಕ್ಕಿಗೆ ಕಾಯದೆ ತಾನೇ ಹಾಕುವವಳು. ಆರು ವರ್ಷದ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಬಂದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅದನ್ನು ಕೊಯ್ದು ಪರೀಕ್ಷಿಸಿ, ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಎಂದಿದ್ದರು. ಚಿಕಿತ್ಸೆಯಿಂದ ವಾಸಿಯೂ ಆಗಿತ್ತು. ಈಗ ಮತ್ತೆ ಜ್ವರ, ಬೆವರು. ಸ್ಕ್ಯಾನಿನಲ್ಲಿ ಗಂಟು ಕಂಡದ್ದು ಹೊಟ್ಟೆಯ ಆಳದಲ್ಲಿ. ಬೆನ್ನಿನಿಂದ ಉದ್ದನೆಯ ಸೂಜಿ ಹಾಕಿ, ಗಂಟಿನ ತುಣುಕು ತೆಗೆದು ಪರೀಕ್ಷಿಸಬೇಕೆಂದರು.

"ನಾನೇನು ಜೋಳದ ಮೂಟೆನೇನೇ, ಕೊಳವೆ ಚುಚ್ಚಿ ಕಾಳು ನೋಡಕ್ಕೆ?" ಎಂದು ರೇಗಿದಳು.

ಅದೇ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಕ್ಯಾನ್ಸರ್ ಕೋಶಗಳು ಸಾಯುವಾಗ ಅವುಗಳ ಡಿಎನ್‌ಎ ಚೂರುಗಳು ರಕ್ತದಲ್ಲಿ ತೇಲುತ್ತವಂತೆ. ಆ ಚೂರುಗಳನ್ನು ಓದಿ, ಕೊಯ್ಯದೆಯೇ ಲಿಂಫೋಮಾ ಗುರುತಿಸಬಹುದೇ ಎಂಬುದು ಅವರ ಹುಡುಕಾಟ. ಸಣ್ಣ ಊರಲ್ಲಿ ತೆಗೆದ ರಕ್ತ ದಾರಿಯಲ್ಲಿ ಕೆಡದೆ ತಲುಪುತ್ತದೆಯೇ ಎಂದೂ ನೋಡಬೇಕಿತ್ತು. ಅದಕ್ಕೆಂದೇ ಮಾಡಿದ ನಳಿಕೆಗಳು ನಮ್ಮ ಲ್ಯಾಬಿಗೆ ಬಂದವು.

"ಇದನ್ನ ನಂಬಿ ಈಗಲೇ ಚಿಕಿತ್ಸೆ ಕೊಡಲ್ಲಮ್ಮ, ತುಣುಕು ತೆಗೀಲೇಬೇಕು," ಎಂದು ಸಂಶೋಧಕಿ ಫೋನಿನಲ್ಲಿ ಅತ್ತಿಗೆಗೆ ಮೊದಲೇ ಹೇಳಿದ್ದರು.

"ನಂಗಾಗ್ದಿದ್ರೆ ಮುಂದಿನೋರ್ಗಾಗ್ಲಿ, ತಗಳೇ," ಎಂದು ಅತ್ತಿಗೆ ತೋಳು ಚಾಚಿದಳು.

ಎರಡು ನಳಿಕೆ ತುಂಬಿಸಿದೆ. ಕೊರಿಯರಿಗೆ ಕೊಡಲು ಮನಸ್ಸಾಗದೆ ನಾನೇ ಬೆಂಗಳೂರಿನ ರೈಲು ಹತ್ತಿದೆ. ನಳಿಕೆಗಳಿದ್ದ ಡಬ್ಬಿ ಕುಲುಕಬಾರದೆಂದು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡೆ. ಪಕ್ಕದ ಮುದುಕಿ, "ಏನವ್ವ, ಮೊಟ್ಟೆನಾ?" ಅಂದಳು. "ಅದಕ್ಕಿಂತ ನಾಜೂಕು ಕಣಜ್ಜಿ," ಅಂದೆ.

ಆಸ್ಪತ್ರೆಯ ಲ್ಯಾಬಿನಲ್ಲಿ ನಳಿಕೆಗಳನ್ನು ಯಂತ್ರದಲ್ಲಿ ತಿರುಗಿಸಿದರು. ನಾನು ಯಂತ್ರದ ಪಕ್ಕದಲ್ಲೇ ನಿಂತಿದ್ದೆ. ದಾರಿಯಲ್ಲಿ ರಕ್ತಕಣಗಳು ಒಡೆದಿದ್ದರೆ, ತಿರುಗಿಸಿದ ಮೇಲೆ ಮೇಲ್ಗಡೆ ನಿಲ್ಲುವ ನೀರು ಕೆಂಪಾಗಿರುತ್ತದೆ. ಹೊರಬಂದದ್ದು ತಿಳಿ ಹಳದಿ! "ಕೆಟ್ಟಿಲ್ಲ!" ಎಂದು ಅವರಿಗಿಂತ ಮೊದಲು ನಾನೇ ಕೂಗಿಬಿಟ್ಟೆ.

ಅದೇ ವಾರ ಬೆನ್ನಿನಿಂದ ತುಣುಕು ತೆಗೆದರು. ಹಳೆಯ ಲಿಂಫೋಮಾವೇ ಮರಳಿದೆ ಎಂದು ತಿಳಿದು ಚಿಕಿತ್ಸೆ ಶುರುವಾಯಿತು. ರಕ್ತ ತಾನಾಗಿಯೇ ಹೇಳುತ್ತದೆಯೇ ಎಂದು ನೋಡಲು, ರಕ್ತ ಓದುವವರಿಗೆ ಆ ಉತ್ತರವನ್ನು ಹೇಳಿರಲಿಲ್ಲ. ಕೆಲವು ವಾರಗಳ ನಂತರ ಸಂಶೋಧಕಿಯ ಫೋನು ಬಂತು.

"ಅತ್ತಿಗೆಯವರೇ ನಿಮಗೂ ಹೇಳಿ ಅಂದ್ರು. ರಕ್ತವೂ ತುಣುಕೂ ಒಂದೇ ಮಾತು ಹೇಳಿವೆ!"

ಕುರ್ಚಿಯಿಂದ ಎದ್ದೇಬಿಟ್ಟೆ. ತಕ್ಷಣ ಅಜ್ಜಂಪುರಕ್ಕೆ ಫೋನು ಮಾಡಿದೆ. ಆ ಕಡೆ ಗಿರಣಿಯ ಸದ್ದು.

"ಮೋಟಾರ್ ಆಫ್ ಮಾಡೇ ಅತ್ತಿಗೆ! ನಿನ್ ರಕ್ತ ಗೆದ್ಬಿಡ್ತು!"

"ನಂಗೂ ಈಗ್ತಾನೇ ಹೇಳುದ್ರು ಕಣೇ. ಹಂಗಾರೆ ಮುಂದೆ ಯಾರ್ಗೂ ಬೆನ್ನಿಗ್ ಚುಚ್ಚಲ್ವಾ?"

"ಇನ್ನೂ ಎಷ್ಟೋ ಜನರ ರಕ್ತ ನೋಡ್ಬೇಕಂತೆ."

"ನೋಡ್ಲಿ ಬಿಡು. ಶುರುವಾಯ್ತಲ್ಲ!"

ಚಿಕಿತ್ಸೆ ಮುಗಿದ ಮೇಲೆ ಮಾಡಿದ ಸ್ಕ್ಯಾನಿನಲ್ಲಿ ಗಂಟು ಕಾಣಲಿಲ್ಲ. ಆಗ ತೆಗೆದ ರಕ್ತದಲ್ಲಿ ಆ ಚೂರುಗಳೂ ಸಿಗಲಿಲ್ಲವಂತೆ. ಈ ತಿಂಗಳು ತರೀಕೆರೆಯ ಒಂದು ಲ್ಯಾಬೂ ಸಂಶೋಧನೆಗೆ ಸೇರಿದೆ. ಅಲ್ಲಿನವರಿಗೆ ನಳಿಕೆ ತುಂಬಿಸುವುದನ್ನು ಕಲಿಸಲು ನನ್ನನ್ನೇ ಕರೆದಿದ್ದಾರೆ. ನಾಳೆ ಬೆಳಗಿನ ಬಸ್ಸಿಗೇ ಹೊರಡುತ್ತೇನೆ.