ರಿವರ್ಸ್ ಗೇರಿನ ಚನ್ನವೀರಪ್ಪ

ಕೆನಡಾದ ಟೊರೊಂಟೊ ಬಳಿಯ ಮಿಲ್ಟನ್ನಿನ ಹಳೆಯ ಭಾಗದ ಒಂದು ಕಿರಿದಾದ ಬೀದಿ. ಮೇ ತಿಂಗಳ ಬೆಳಕು ಈಗಷ್ಟೇ ಹರಿಯುತ್ತಿದೆ. ಅರವತ್ತೊಂದು ವರ್ಷದ ಚನ್ನವೀರಪ್ಪ ಬೂಟು ಕಳಚಿಟ್ಟು, ಬರೀ ಸಾಕ್ಸಿನಲ್ಲಿ, ಯಾರದೋ ಮನೆಯ ಹಿತ್ತಿಲಿನಿಂದ ಬೀದಿಯ ಕಡೆಗೆ ನಡೆದು ಬರುತ್ತಿದ್ದಾರೆ. ಎರಡು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡುತ್ತಾರೆ. ನೋಡಿದವರು ಉಂಗುರ ಕಳೆದುಕೊಂಡಿದ್ದಾರೆ ಅಂದುಕೊಳ್ಳಬೇಕು.

“ಗಾಡಿ ಎಲ್ಲಿ ಹೋಗಿ ನಿಲ್ಲಬೇಕಲ್ರಿ, ಅಲ್ಲಿಂದ ಸುರು ಮಾಡಬೇಕು,” ಎನ್ನುತ್ತಾರೆ. “ಒಳಗಿಂದ ಹೊರಗ ನಡಕೋತ ಬಂದ್ರ ದಾರಿ ತಾನ ಹೇಳ್ತೈತಿ, ಎಲ್ಲೆ ಮೆತ್ತಗ ಐತಿ, ಎಲ್ಲೆ ಇಳಿಜಾರ ಐತಿ ಅಂತ. ಬೂಟ್ ಹಾಕ್ಕೊಂಡ್ರ ಅದು ತಿಳಿಯಂಗಿಲ್ರಿ.”

ಅವರು ಒಳಗೆ ತಳ್ಳಬೇಕಾದ ಗಾಡಿ ಮನೆಯ ಮುಂದೆ ನಿಂತಿದೆ. ವಾಹನದ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಅದು. ಒಳಗೆ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಚಕ್ರದ ಮನೆ. ಇಲ್ಲಿಯ ಜನ ಆರ್‌ವಿ ಅನ್ನುತ್ತಾರೆ. ಬೇಸಿಗೆ ಬಂತೆಂದರೆ ಅರ್ಧ ಒಂಟಾರಿಯೋ ಇಂಥ ಡಬ್ಬಿಗಳನ್ನು ಕಟ್ಟಿಕೊಂಡು ಕೆರೆದಂಡೆಗೆ ಓಡುತ್ತದೆ. ಓಡುವಾಗ ತೊಂದರೆಯಿಲ್ಲ, ನಿಂತಾಗಲೇ ತಕರಾರು. ಟೊರೊಂಟೊ ಸುತ್ತಲಿನ ಊರುಗಳಲ್ಲಿ ಊರಿಗೊಂದು ಕಾನೂನು. ಬೀದಿಯಲ್ಲಿ ರಾತ್ರಿ ನಿಲ್ಲಿಸಿದರೆ ದಂಡದ ಚೀಟಿ. ಮನೆಯ ಮುಂದೆ ಕಾರು ನಿಲ್ಲಿಸಿಕೊಳ್ಳುವ ಸ್ವಂತ ಡ್ರೈವ್‌ವೇ ಆದರೂ ಹಲವು ಕಡೆ ಕೆಲವೇ ದಿನ, ಅದೂ ಬೇಸಿಗೆಯಲ್ಲಿ ಮಾತ್ರ. ಮನೆಯ ಮುಂಗೋಡೆಯಿಂದ ಹಿಂದಕ್ಕೆ, ಕಣ್ಣಿಗೆ ಬೀಳದಂತೆ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಆದರೆ ಆ ಹಿಂದಕ್ಕೆ ಅದನ್ನು ಒಯ್ಯುವವರು ಯಾರು? ಸ್ಕ್ವೇರ್ ಒನ್ ಮಾಲಿನಲ್ಲಿ ಪುಟ್ಟ ಕಾರು ನಿಲ್ಲಿಸಲು ನಾಲ್ಕು ಸಲ ಹಿಂದೆಮುಂದೆ ಆಡುವ ನನ್ನಂಥವನಿಂದಂತೂ ಆಗುವ ಕೆಲಸವಲ್ಲ.

ಆಗುವ ಕೆಲಸ ಚನ್ನವೀರಪ್ಪನವರದು. ಬೋಲ್ಟನ್ನಿನಲ್ಲಿ ತಿಂಗಳ ಬಾಡಿಗೆ ತೆಗೆದುಕೊಂಡು ಜನರ ಆರ್‌ವಿಗಳನ್ನು ನಿಲ್ಲಿಸಿಕೊಳ್ಳುವ ಒಂದು ಯಾರ್ಡಿನಲ್ಲಿ ಅವರಿಗೆ ನೌಕರಿ. ವಸಂತದಲ್ಲಿ ಗುರುವಾರ, ಶುಕ್ರವಾರ ಹತ್ತು ಹನ್ನೆರಡು ಟ್ರೇಲರುಗಳನ್ನು ಮನೆಗಳಿಗೆ ಮುಟ್ಟಿಸುತ್ತಾರೆ, ಭಾನುವಾರ ಸಂಜೆ ಮತ್ತೆ ಎಳೆದು ತಂದು ಯಾರ್ಡಿನ ಸಾಲಿನಲ್ಲಿ ನಿಲ್ಲಿಸುತ್ತಾರೆ. ಆ ಸಾಲನ್ನು ನಾನು ನೋಡಿದ್ದೇನೆ. ಎರಡು ಟ್ರೇಲರುಗಳ ನಡುವೆ ಮನುಷ್ಯ ಓರೆಯಾಗಿಯೇ ನುಸುಳಬೇಕು. ಹಾಗೆ ನೂರಾರು. ಎಲ್ಲವೂ ಹಿಂದಕ್ಕೆ ಓಡಿಸಿ ನಿಲ್ಲಿಸಿದವು. ನೋಡುತ್ತಾ ನಿಂತ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು.

ಈ ವಿದ್ಯೆ ಅವರಿಗೆ ಒಲಿದದ್ದು ರಾಯಬಾಗ ಸೀಮೆಯ ಕಬ್ಬಿನ ಹಂಗಾಮಿನಲ್ಲಿ. ಇಪ್ಪತ್ತಾರು ವರ್ಷ ಕಂಡವರ ಟ್ರ್ಯಾಕ್ಟರಿಗೆ ಡ್ರೈವರ್. ಹಿಂದೆ ಒಂದಲ್ಲ, ಎರಡು ಡಬ್ಬಿ, ಎರಡರ ತುಂಬ ಕಬ್ಬು. ಕಾರ್ಖಾನೆಯ ಅಂಗಳದಲ್ಲಿ ಸರದಿ ತಪ್ಪಿದರೆ ಇಡೀ ಗಾಡಿಯನ್ನು ಅಷ್ಟೂ ಉದ್ದಕ್ಕೆ ಹಿಂದಕ್ಕೆ ಸರಿಸಬೇಕು. “ಒಂದ ಡಬ್ಬಿ ಇದ್ರ ಸ್ಟೇರಿಂಗ್ ಉಲ್ಟಾ ತಿರುವಬೇಕ್ರಿ. ಎರಡಿದ್ರ ಉಲ್ಟಾದ್ದು ಉಲ್ಟಾ. ತಲಿ ಓಡಿಸಾಕ ಹೋದ್ರ ಮುಗೀತು. ಕೈಗೇ ಬಿಟ್ಟಬಿಡಬೇಕು.”

ನರ್ಸ್ ಆಗಿರುವ ಮಗಳು ಮಾಧುರಿ ಕೆನಡಾಕ್ಕೆ ಕರೆಸಿಕೊಂಡಾಗ ಅವರಿಗೆ ಐವತ್ತು ಮೀರಿತ್ತು. ಮಾಲ್ಟನ್ ಎಂಬ ಇನ್ನೊಂದು ಕಡೆ ಬೇಸ್‌ಮೆಂಟಿನಲ್ಲಿ ವಾಸ, ಬೋಲ್ಟನ್ನಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಮೂರನೇ ಚಳಿಗಾಲಕ್ಕೆ ಸೊಂಟ ಕೈಕೊಟ್ಟಿತು. ಆರು ತಿಂಗಳು ಮನೆಯಲ್ಲೇ ಮಲಗಿದ್ದರು. ಎದ್ದು ಓಡಾಡುವಂತಾದ ಮೇಲೆ ಗುರುದ್ವಾರದ ಲಂಗರಿನ ಊಟದ ಸಾಲಿನಲ್ಲಿ ಪರಿಚಯವಾದವನು ಯಾರ್ಡಿನ ಒಡೆಯ ರಂಜಿತ್. ಟ್ರೇಲರ್ ಹಿಂದಕ್ಕೆ ಬಿಡಲು ಬರುತ್ತದಾ ಎಂದು ಕೇಳಿದ. ಬರುತ್ತದೆ ಎಂದು ಹೋದ ಚನ್ನವೀರಪ್ಪ ಮೊದಲ ದಿನವೇ ಯಾರ್ಡಿನ ತಂತಿಬೇಲಿಯನ್ನು ಅಂಗಾತ ಮಲಗಿಸಿದರು. ಕಾರಣ ಕೇಳಿದರೆ ನಗು ಬರುತ್ತದೆ. ಹಿಂದೆ ಇದ್ದದ್ದು ಒಂದೇ ಡಬ್ಬಿ, ಕೈ ಮಾತ್ರ ಎರಡಕ್ಕೆ ತಿರುಗಿಸುತ್ತಿತ್ತು.

“ರಂಜಿತ್ ಓಡಿ ಬಂದು ‘ಅಂಕಲ್, ಏಕ್ ಹೀ ಡಬ್ಬಾ ಹೈ’ ಅಂದ. ನನಗೂ ಆಗ ಹೊಳೀತ್ರಿ. ಇಲ್ಲದ ಡಬ್ಬಿನ್ನ ನಾ ಸಂಬಾಳಸಾಕ ಹತ್ತಿದ್ದೆ.” ಪಕ್ಕದಲ್ಲಿದ್ದ ಹೆಂಡತಿ ಮಲ್ಲವ್ವ ಬಿಡುತ್ತಾರೆಯೇ? “ಮನ್ಯಾಗೂ ಹಂಗ ಅದಾರ್ರಿ. ಇಲ್ಲದ್ದಕ್ಕ ಚಿಂತಿ ಮಾಡ್ತಾರ,” ಎಂದು ಸೆರಗಿನ ಮೇಲೆ ಹಾಕಿಕೊಂಡ ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತಾರೆ.

ಮಲ್ಲವ್ವ ಬರೀ ಜೊತೆಗೆ ಬಂದವರಲ್ಲ. ಹಿಂದಕ್ಕೆ ಹೋಗುವ ಟ್ರೇಲರಿನ ಹಿಂದೆ ನಿಂತು ದಾರಿ ಹೇಳುವವರು ಅವರೇ. ಟ್ರಕ್ಕಿನಲ್ಲಿ ಹಿಂಬದಿ ತೋರಿಸುವ ಕ್ಯಾಮೆರಾ ಇದೆ, ಗಂಡ ಅದನ್ನೂ ನೋಡುತ್ತಾರೆ. ಆದರೆ ಕಿವಿಯಲ್ಲಿ ಸಿಕ್ಕಿಸಿಕೊಂಡ ಫೋನಿನಲ್ಲಿ ಮಲ್ಲವ್ವನ ‘ಬರ್ಲಿ, ಬರ್ಲಿ’ ಕೇಳದಿದ್ದರೆ ಚನ್ನವೀರಪ್ಪ ಬ್ರೇಕಿನಿಂದ ಕಾಲು ತೆಗೆಯುವುದಿಲ್ಲ.

ಇವತ್ತಿನ ಮನೆ ಸತ್ಯಪ್ರಕಾಶ್ ಮತ್ತು ಶೈಲಜಾ ಅವರದು. ಮೈಸೂರಿನವರು, ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಸತ್ಯಪ್ರಕಾಶ್ ಸೇತುವೆಗಳ ಎಂಜಿನಿಯರ್ ಆಗಿದ್ದವರು. ಎರಡು ವರ್ಷದಿಂದ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ. ಪ್ರತಿ ರಾತ್ರಿ ಮನೆಯಲ್ಲೇ ಡಯಾಲಿಸಿಸ್ ಯಂತ್ರಕ್ಕೆ ಹೊಟ್ಟೆಯ ನಳಿಕೆ ಜೋಡಿಸಿಕೊಂಡು ಮಲಗಬೇಕು. ಮಗಳು ನಿಧಿ ಇರುವುದು ದೂರದ ಹ್ಯಾಲಿಫ್ಯಾಕ್ಸಿನಲ್ಲಿ, ಸಮುದ್ರದಂಡೆಯ ಊರು. ಜುಲೈಯಲ್ಲಿ ಅವಳಿಗೆ ಹೆರಿಗೆ. ಯಂತ್ರ, ದ್ರಾವಣದ ಪೆಟ್ಟಿಗೆಗಳ ರಾಶಿ, ಇವನ್ನೆಲ್ಲ ಹೊತ್ತು ವಿಮಾನ ಹತ್ತುವ ಧೈರ್ಯ ಇಬ್ಬರಿಗೂ ಇಲ್ಲ. ಅದಕ್ಕೇ ಈ ಟ್ರೇಲರ್.

“ಇದನ್ನ ಸೆಟ್‌ಅಪ್ ಮಾಡೋಕೇ ವಾರಗಟ್ಟಲೆ ಬೇಕು,” ಎನ್ನುತ್ತಾರೆ ಶೈಲಜಾ. “ಮಷೀನ್ ಕೂರಿಸ್ಬೇಕು, ಒಂದೆರಡು ರಾತ್ರಿ ಟೆಸ್ಟ್ ಮಾಡ್ಬೇಕು, ಬಾಕ್ಸ್‌ಗಳನ್ನ ತುಂಬ್ಬೇಕು. ಎಲ್ಲಾ ನಾನೊಬ್ಳೇ. ಇವ್ರನ್ನ ಮನೇಲಿ ಬಿಟ್ಟು ಬೋಲ್ಟನ್ ಯಾರ್ಡಿಗೆ ದಿನಾ ಓಡೋಕಾಗಲ್ಲ. ಡ್ರೈವ್‌ವೇಲಿ ಇಟ್ಕೊಂಡ್ವಿ, ಸಿಟಿಯವ್ರ ನೋಟಿಸ್ ಬಂತು. ಇವತ್ತೇ ಲಾಸ್ಟ್ ಡೇಟು. ಹಿಂದಕ್ಕೆ ಹೋಗ್ಲಿಲ್ಲ ಅಂದ್ರೆ ಶನಿವಾರ ಬ್ಯಾರಿ ಅನ್ನೋ ಊರಿಂದ ಒಬ್ರು ಬಂದು ತಗೊಂಡು ಹೋಗ್ತಾರೆ. ಮಾರಿಬಿಡೋದು ಅಂತ ಡಿಸೈಡ್ ಮಾಡಿದೀವಿ.”

ಮಾರಿದರೆ ಹ್ಯಾಲಿಫ್ಯಾಕ್ಸ್ ಇಲ್ಲ. ಮೊಮ್ಮಗುವನ್ನು ಫೋನಿನಲ್ಲಿ ನೋಡಬೇಕು. ಇದನ್ನು ಶೈಲಜಾ ಹೇಳಲಿಲ್ಲ, ವರಾಂಡದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತ ಸತ್ಯಪ್ರಕಾಶ್ ಹೇಳಿದರು, ಅದೂ ಹವಾಮಾನದ ಸುದ್ದಿ ಹೇಳುವ ಧ್ವನಿಯಲ್ಲಿ.

ಮನೆಯ ಪಕ್ಕದಲ್ಲಿ ಹಿತ್ತಿಲಿಗೆ ಹೋಗುವ ಓಣಿಯಿದೆ. ಒಂದು ಬದಿ ನೆರೆಮನೆಯ ಮರದ ಬೇಲಿ, ಇನ್ನೊಂದು ಬದಿ ಇವರ ಗೋಡೆ. ಆ ಗೋಡೆಯಿಂದ ಗ್ಯಾಸ್ ಮೀಟರು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆ. ಮೀಟರಿನ ಹತ್ತಿರ ಟ್ರೇಲರಿಗೆ ಎರಡೂ ಕಡೆ ಉಳಿಯುವುದು ಒಂದೊಂದು ಅಂಗೈ ಅಗಲ. ಸಾಲದ್ದಕ್ಕೆ ಓಣಿಯ ಬಾಯಲ್ಲೇ ನಗರದವರು ನೆಟ್ಟ ಮೇಪಲ್ ಮರ. ನೇರವಾಗಿ ನುಗ್ಗುವಂತಿಲ್ಲ, ಬಾಗಿಸಿಯೇ ತರಬೇಕು. ಸತ್ಯಪ್ರಕಾಶ್ ಟೇಪ್ ಹಿಡಿದು ಅಳೆದು, ಹಿಡಿಯುತ್ತದೆ ಎಂದು ಮೊದಲೇ ಖಚಿತ ಮಾಡಿಕೊಂಡಿದ್ದರು. ಲೆಕ್ಕ ಸರಿಯೇ ಇತ್ತು. ಆದರೂ ಎಳೆಯುವ ಕಂಪನಿಗಳ ಇಬ್ಬರು ಬಂದು, ಮೀಟರು ನೋಡಿ, ಕೈಮುಗಿದು ಹೋಗಿದ್ದರು.

ಬಾಗಿಸಬೇಕಾದರೆ ಎಳೆಯುವ ಟ್ರಕ್ಕಿನ ಮೂತಿ ಬೀದಿ ದಾಟಿ ಎದುರುಮನೆಯ ಡ್ರೈವ್‌ವೇಗೆ ಹೋಗಲೇಬೇಕು. ಎದುರುಮನೆಯ ಯಜಮಾನ ಫೆರೇರಾ ಎಂಬ ಪೋರ್ಚುಗೀಸ್ ಹಿರಿಯರು. ಚನ್ನವೀರಪ್ಪ ಹಿಂದಿನ ಸಂಜೆಯೇ ಹೋಗಿ ಬಾಗಿಲು ತಟ್ಟಿದ್ದರು. ಎಲ್ಲಿ ಹೋದರೂ ಅದೇ ಅವರ ಪದ್ಧತಿ. “ಅವರ ಅಂಗಳದಾಗ ಗಾಲಿ ಇಡಾವ ನಾನು. ಕೇಳ್ಬೇಕಲ್ರಿ.” ನಗರದವರಿಗೆ ದೂರು ಕೊಟ್ಟವನು ತಾನೇ ಎಂದು ಫೆರೇರಾ ಮುಚ್ಚುಮರೆಯಿಲ್ಲದೆ ಹೇಳಿದರಂತೆ. ಟ್ರೇಲರ್ ನಿಂತಿದ್ದರಿಂದ ಬೀದಿಯ ಮಕ್ಕಳು ಸೈಕಲ್ಲಿನಲ್ಲಿ ಬರುವುದು ತನಗೆ ಕಾಣುತ್ತಿರಲಿಲ್ಲ, ಹಿತ್ತಿಲಿಗೆ ಒಯ್ಯುವುದಾದರೆ ತನ್ನ ಅಂಗಳ ಪೂರ್ತಿ ತೆಗೆದುಕೊಳ್ಳಿ ಅಂದರಂತೆ. ಇವತ್ತು ಅವರ ಕಾರು ಆಗಲೇ ಗ್ಯಾರೇಜಿನೊಳಗಿದೆ.

ಈ ಕೆಲಸಕ್ಕೆ ಬೆಳಗಿನ ಜಾವವೇ ಯಾಕೆ ಎಂದು ಆಗ ಅರ್ಥವಾಯಿತು. ಬೀದಿಯಲ್ಲಿ ರಾತ್ರಿ ಗಾಡಿ ನಿಲ್ಲಿಸಬಾರದೆಂಬ ಕಾನೂನಿನಿಂದಲೇ ಈ ಹೊತ್ತಿಗೆ ಬೀದಿ ಗುಡಿಸಿಟ್ಟಂತೆ ಖಾಲಿ. ಬೆಳಗಾಗಿ ನಿರ್ಬಂಧ ಸಡಿಲಿದರೆ ಎರಡೂ ಬದಿ ಕಾರುಗಳು ಬಂದು ಕೂರುತ್ತವೆ, ಟ್ರಕ್ಕು ಹೊರಳಲು ಜಾಗವಿರುವುದಿಲ್ಲ. ಟ್ರೇಲರನ್ನು ಬೀದಿಯಿಂದ ಅಟ್ಟುವ ಕಾನೂನೇ ಚನ್ನವೀರಪ್ಪನವರಿಗೆ ಅಂಗಳ ಬಿಟ್ಟುಕೊಡುತ್ತದೆ. ಈ ಮನುಷ್ಯ ಆ ಸಂದಿಯನ್ನು ಕಂಡುಕೊಂಡ ಬಗೆಗೆ ನಾನು ಬೆರಗಾದೆ.

ಸಾಕ್ಸಿನ ನಡಿಗೆಯಲ್ಲಿ ಒಂದು ಮೆತ್ತನೆ ಜಾಗ ಸಿಕ್ಕಿತು, ಮೀಟರಿಗೆ ಎರಡು ಹೆಜ್ಜೆ ಹಿಂದೆ, ಸೂರಿನ ನೀರು ಬೀಳುವಲ್ಲಿ. ಅಲ್ಲಿ ಗಾಲಿ ಇಳಿದರೆ ಟ್ರೇಲರ್ ಗೋಡೆಯ ಕಡೆ ವಾಲುತ್ತದೆ. ಚನ್ನವೀರಪ್ಪ ಟ್ರಕ್ಕಿನಿಂದ ದಪ್ಪ ಹಲಗೆಗಳನ್ನು ತಂದು ಹಾಸಿ, ಮೇಲೆ ನಿಂತು ಎರಡು ಸಲ ಕುಣಿದು ನೋಡಿದರು. ಆಮೇಲೆ ಸಾಕ್ಸು ಹಿಂಡಿ ಡ್ಯಾಶ್‌ಬೋರ್ಡಿನ ಮೇಲೆ ಒಣಗಲು ಹಾಕಿ, ಬರಿಗಾಲನ್ನು ಬೂಟಿಗೆ ತೂರಿಸಿ ಒಳಗೆ ಕೂತರು.

ಟ್ರಕ್ಕು ಫೆರೇರಾ ಅವರ ಅಂಗಳಕ್ಕೆ ಮೂತಿ ಚಾಚಿತು. ಟ್ರೇಲರ್ ನಿಧಾನವಾಗಿ ಬಾಗಿತು, ಮರದ ಕಾಂಡವನ್ನು ಬಳಸಿಕೊಂಡು ಓಣಿಯ ಬಾಯಿಗೆ ಬಂತು. “ಬರ್ಲಿ… ಬರ್ಲಿ…” ಮಲ್ಲವ್ವ ಹಿಂದಕ್ಕೆ ನಡೆಯುತ್ತಿದ್ದಾರೆ, ಕಣ್ಣು ಮೀಟರಿನ ಮೇಲೆ. ಅರ್ಧ ಒಳಗೆ ಬಂತು. ಶೈಲಜಾ ಗೋಡೆ ಕಡೆ ಮುಖ ಮಾಡಿಬಿಟ್ಟಿದ್ದರು.

“ತಡೀರಿ.” ಮಲ್ಲವ್ವನ ದನಿ ಏರಲಿಲ್ಲ. ಟ್ರೇಲರಿನ ಪಕ್ಕಕ್ಕೆ ಮಡಚಿಟ್ಟ ಬಟ್ಟೆ ಛಾವಣಿಯ ಕಂಬಿ ಮೀಟರಿಗೆ ಬೆರಳಿನಷ್ಟು ದೂರದಲ್ಲಿತ್ತು. ಚನ್ನವೀರಪ್ಪ ಇಳಿದು ಬಂದು ನೋಡಿದರು, ಬೇಲಿಯ ಕಡೆಗೂ ನೋಡಿದರು. ಸ್ವಲ್ಪ ಸರಿಸಿ ನೋಡುತ್ತಾರೆ ಅಂದುಕೊಂಡೆ. ಇಲ್ಲ, ಇಡೀ ಟ್ರೇಲರನ್ನು ಬೀದಿಯವರೆಗೆ ಹೊರಗೆ ಎಳೆದರು. ಸತ್ಯಪ್ರಕಾಶ್ ಕುರ್ಚಿಯಿಂದ ಅರ್ಧ ಎದ್ದರು. “ಆಗಲ್ವಾ?” ಎಂದರು.

“ಆಗ್ತೈತ್ರಿ. ಸುರುವಾತಿಗೆ ಸೊಟ್ಟ ಆಗಿತ್ತು. ಸೊಟ್ಟ ಆದದ್ದನ್ನ ಒಳಗ ತಿದ್ದಾಕ ಹೋಗಬಾರದು. ಹೊರಗ ಬಂದು ಮತ್ತ ಹೋಗಬೇಕು. ಮುಂದ ಎಳದ್ರ ನನಗೇನ ನಾಚಿಕಿ ಇಲ್ರಿ.”

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಒಂದು ಕಾರು ಕಾಣಿಸಿತು, ಕೆಲಸಕ್ಕೆ ಹೊರಟವರು. ಫೆರೇರಾ ಮನೆಯುಡುಪಿನಲ್ಲೇ ನಡುಬೀದಿಗೆ ಬಂದು, ಪೊಲೀಸಿನವರ ಹಾಗೆ ಕೈ ಅಡ್ಡ ಹಿಡಿದು ನಿಂತರು. ಎರಡನೆಯ ಸಲ ಟ್ರಕ್ಕಿನ ಮೂತಿ ಅವರ ಗ್ಯಾರೇಜಿನ ಬಾಗಿಲಿಗೆ ತಾಗಿತೇನೋ ಎನ್ನುವಷ್ಟು ಮುಂದೆ ಹೋಯಿತು. ಅಲ್ಲಿಂದ ಹಿಂದಕ್ಕೆ. ಮರ ದಾಟಿತು. ಮಲ್ಲವ್ವನ ಬರ್ಲಿ ಒಂದೇ ಸಮ. ಮೀಟರಿನ ಪಕ್ಕದಲ್ಲಿ ಬಿಳಿಯ ಗೋಡೆಯೊಂದು ತನ್ನಷ್ಟಕ್ಕೆ ಸರಿದು ಹೋಗುತ್ತಿದೆ ಎನ್ನಿಸಿತು. ಹಲಗೆ ಒಮ್ಮೆ ಕಿರುಗುಟ್ಟಿತು, ಅಷ್ಟೆ. ಮತ್ತೆ ನೋಡಿದರೆ ಟ್ರೇಲರ್ ಹಿತ್ತಿಲಿನಲ್ಲಿತ್ತು. ಇಂಥದ್ದನ್ನು ಕಣ್ಣಾರೆ ಕಂಡೆನಲ್ಲ ಎಂಬ ಸಂತೋಷ ನನಗೆ ಈಗಲೂ ಇದೆ.

ಶೈಲಜಾ ಅಳುತ್ತಲೇ ಕಾಫಿ ತಂದರು. ಸತ್ಯಪ್ರಕಾಶ್ ಬೇಲಿ ಹಿಡಿದುಕೊಂಡು ಒಬ್ಬರೇ ನಡೆದು ಹೋಗಿ, ಟ್ರೇಲರಿನ ಬಾಗಿಲು ತೆರೆದು, ಯಂತ್ರ ಕೂರಿಸುವ ಜಾಗದ ಪಕ್ಕದ ಹಾಸಿಗೆಯ ಮೇಲೆ ಕೂತರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಮಲ್ಲವ್ವ ಬಾಗಿಲಲ್ಲೇ ನಿಂತು ಅವರಿಗೂ ಅರ್ಧ ಲೋಟ ಕಾಫಿ ಕೊಟ್ಟರು; ಡಾಕ್ಟರು ಹೇಳಿದ್ದು ಅಷ್ಟೇ ಎಂದು ಶೈಲಜಾರನ್ನು ಕೇಳಿ ತಿಳಿದುಕೊಂಡಿದ್ದರು.

“ಜುಲೈಯಲ್ಲಿ ಹೊರಗೆ ತೆಗೆಯೋಕೂ ನೀವೇ ಬರ್ಬೇಕು ಚನ್ನವೀರಪ್ಪನವ್ರೇ,” ಎಂದರು ಶೈಲಜಾ.

ಚನ್ನವೀರಪ್ಪ ಹಲಗೆಗಳನ್ನು ಟ್ರಕ್ಕಿಗೆ ತುಂಬುತ್ತಿದ್ದರು. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗಿ, ಟ್ರೇಲರಿನ ತೆರೆದ ಬಾಗಿಲಿನ ಕಡೆ ನೋಡಿ, ಒಳಗಿದ್ದವರಿಗೂ ಕೇಳಲಿ ಎಂಬಂತೆ ಹೇಳಿದರು:

“ಹೊರಗ ತಗ್ಯಾಕ ನಾ ಯಾಕ್ರಿ? ಮುಂದಕ ಎಳಿಯೂದು ಯಾರಿಗರ ಬರ್ತೈತಿ, ನೀವ ಎಳಕೊಂಡು ಹೋಗ್ರಿ. ಸಾಹೇಬರು ಮೊಮ್ಮಗೂನ ನೋಡಿ ತಿರುಗಿ ಬರ್ತಾರಲ್ರಿ, ಅವತ್ತ ಫೋನ್ ಮಾಡ್ರಿ. ಒಳಗ ಹಚ್ಚಾಕ ನಾ ಬರ್ತೀನಿ.”